ಡ್ಯಾಂ ಇದ್ದರೂ ಮಲಪ್ರಭಾ ಊರಿಗೆ ನುಗ್ಗೋದು ಯಾಕೆ?

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ಹರಿದಾಗ ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರದಂಥ ಊರುಗಳಿಗೆ ನೀರು ನುಗ್ಗಿತು. ಪಟ್ಟದಕಲ್ಲಿನ ಗುಡಿಗಳ ಸುತ್ತಲೂ ನೀರು. ಮೇಲೆ ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಅಷ್ಟು ದೊಡ್ಡ ಡ್ಯಾಂ ಇದ್ದರೂ ಹೀಗೆ ಯಾಕೆ ಅಂತ ಕೇಳೋದು ಸಹಜ.

ಆದರೆ ಆ ಡ್ಯಾಂ ಕಟ್ಟಿದ್ದು ಪ್ರವಾಹ ತಡೆಯೋಕೆ ಅಲ್ಲ, ಹೊಲಕ್ಕೆ ನೀರು ಕೊಡೋಕೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿಗೆ 1970ರ ದಶಕದ ಶುರುವಿನಲ್ಲಿ ಸವದತ್ತಿ ಹತ್ತಿರ ಅಡ್ಡಗಟ್ಟು ಬಂತು. ಕಾಲುವೆ ಬಂತು, ಆದರೆ ನೀರು ನೆಟ್ಟಗೆ ತಲುಪಲಿಲ್ಲ. ನೀರಿನ ಕರ ಕಟ್ಟಿ ಅಂತ ಮಾತ್ರ ಅಧಿಕಾರಿಗಳು ಬಂದರು. ನರಗುಂದ, ನವಲಗುಂದದ ರೈತರು ಸಿಡಿದೆದ್ದರು, 1980ರ ಜುಲೈ 21ರಂದು ಗೋಲಿಬಾರ್ ಆಯಿತು, ರೈತರು ಸತ್ತರು. 2015ರಲ್ಲಿ ಮತ್ತೆ ಇದೇ ನರಗುಂದದಲ್ಲಿ ಕಳಸಾ-ಬಂಡೂರಿ ಯೋಜನೆಗಾಗಿ ಧರಣಿ ಶುರುವಾಯಿತು. ಡ್ಯಾಂ ತುಂಬೋದಿಲ್ಲ, ಗೋವಾ ಕಡೆ ಹರಿಯುವ ಮಹದಾಯಿ ನದಿಯ ನೀರನ್ನು ಮಲಪ್ರಭೆಗೆ ತಿರುಗಿಸಿ ಕೊಡಿ ಅನ್ನೋದೇ ಅವರ ಕೂಗು. ಅದಾಗಿ ನಾಲ್ಕೇ ವರ್ಷಕ್ಕೆ ಪ್ರವಾಹ.

ಈ ಇತಿಹಾಸ ಗೊತ್ತಿಲ್ಲದೆ ಗೇಟಿನ ಲೆಕ್ಕ ಅರ್ಥ ಆಗೋದಿಲ್ಲ. ಪ್ರವಾಹ ಹಿಡಿಯಬೇಕು ಅಂದರೆ ಡ್ಯಾಂ ಖಾಲಿ ಇರಬೇಕು, ಬೇಸಾಯಕ್ಕೆ ತುಂಬಿರಬೇಕು. ವರ್ಷಗಟ್ಟಲೆ ನೀರಿಗಾಗಿ ಕಾದ ಸೀಮೆಯಲ್ಲಿ, ಮುಂದೆ ಮಳೆ ಕೈಕೊಟ್ಟರೆ ಗತಿ ಏನು ಅನ್ನೋ ಭಯ ಇರುವಾಗ, ಜುಲೈನಲ್ಲೇ ಕೂಡಿಟ್ಟ ನೀರನ್ನು ಹೊಳೆಗೆ ಬಿಡಿ ಅಂತ ಯಾವ ಎಂಜಿನಿಯರ್ ಧೈರ್ಯವಾಗಿ ಹೇಳಿಯಾನು? ಆ ಭಯ ತಪ್ಪು ಅಂತ ನನಗೆ ಅನ್ನಿಸೋದಿಲ್ಲ.

ಈಗ ಮಳೆಯ ಲೆಕ್ಕ ನೋಡಿ. ಡ್ಯಾಂ ಹಿಡಿಯೋದು ಸುಮಾರು 37.7 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಒಳಹರಿವು 1 ಲಕ್ಷ ಕ್ಯೂಸೆಕ್, ಅಂದರೆ ಸೆಕೆಂಡಿಗೆ 1 ಲಕ್ಷ ಘನ ಅಡಿ ಇದ್ದರೆ ದಿನಕ್ಕೆ 8.64 ಟಿಎಂಸಿ ಬಂದು ಸೇರುತ್ತದೆ. ಪೂರ್ತಿ ಖಾಲಿ ಇದ್ದರೂ ಐದನೇ ದಿನ ತುಂಬಿ ಹೋಗುತ್ತದೆ, ಅರ್ಧ ತುಂಬಿದ್ದರೆ ಮೂರನೇ ದಿನವೇ. ಒಂದು ರಾತ್ರಿಯ ಜೋರು ಮಳೆಯನ್ನು ಅದು ಸುಮ್ನೆ ನುಂಗುತ್ತದೆ. ವಾರಗಟ್ಟಲೆ ಬಿಡದೆ ಸುರಿದರೆ ತುಂಬಿದ ಡ್ಯಾಂಗೂ ಇಲ್ಲದ ಡ್ಯಾಂಗೂ ದೊಡ್ಡ ವ್ಯತ್ಯಾಸ ಇಲ್ಲ. ಬಂದಷ್ಟೂ ನೀರು ಬಿಡಲೇಬೇಕು, ಇಲ್ಲದಿದ್ದರೆ ಕಟ್ಟೆಗೇ ಅಪಾಯ.

ನೆಲದ ಕಥೆಯೂ ಅಷ್ಟೇ. ಡ್ಯಾಂನ ಕೆಳಗೆ ಎರೆ ಭೂಮಿ ಜಾಸ್ತಿ. ಬೇಸಿಗೆಯಲ್ಲಿ ಅದು ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮೊದಲ ಮಳೆ ಪೂರ್ತಿ ಆ ಬಿರುಕಿಗೇ ಇಳಿಯುತ್ತದೆ. ನೆನೆದ ಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ಬಿದ್ದ ನೀರು ಇಂಗೋದು ಕಡಿಮೆ, ಹೊಲದ ಮೇಲೇ ಹರಿದು ಹಳ್ಳ ಸೇರುತ್ತದೆ. ಮೊದಲ ದಿನವೂ ನಾಲ್ಕನೇ ದಿನವೂ ಮಳೆ ಒಂದೇ ಅಳತೆಯಲ್ಲಿ ಬಿದ್ದಿರಬಹುದು, ಹಳ್ಳಕ್ಕೆ ಬರುವ ನೀರು ಮಾತ್ರ ಒಂದೇ ಅಲ್ಲ. ಬೆಣ್ಣಿಹಳ್ಳ ಇಂಥದ್ದೇ ಎರೆ ಸೀಮೆಯ ನೀರನ್ನೆಲ್ಲ ಹೊತ್ತು ತಂದು ಮಲಪ್ರಭೆಗೆ ಸೇರಿಸುತ್ತದೆ, ಅದೂ ಡ್ಯಾಂ ದಾಟಿದ ಮೇಲೆ. ನವಿಲುತೀರ್ಥದ ಗೇಟು ಎಷ್ಟೇ ಬಿಗಿಯಾಗಿ ಮುಚ್ಚಿದರೂ ಆ ನೀರು ನಿಲ್ಲೋದಿಲ್ಲ.

ಇಷ್ಟಾದರೂ ನದಿಗೆ ತನ್ನ ಅಗಲ ಇದ್ದಿದ್ದರೆ ಹಾನಿ ಕಡಿಮೆ ಆಗುತ್ತಿತ್ತು. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಕಾರಣ ಅನ್ನಿಸುತ್ತದೆ. ಡ್ಯಾಂ ಬಂದ ಮೇಲೆ ವರ್ಷ ವರ್ಷ ಬರುತ್ತಿದ್ದ ಸಣ್ಣ ಪ್ರವಾಹ ನಿಂತಿತು. ಕೆಳಗೆ ನದಿ ವರ್ಷದ ಬಹುಪಾಲು ಒಣಗಿತು. ಒಣಗಿದ ಪಾತ್ರದಲ್ಲಿ ಜಾಲಿ ಕಂಟಿ ಬೆಳೆಯಿತು, ದಡದ ಹೊಲಗಳು ಒಂದೊಂದೇ ಸಾಲು ಒಳಗೆ ಸರಿದವು, ಕಬ್ಬು ಬಂತು. ಇಪ್ಪತ್ತು ವರ್ಷ ನೀರು ಬಾರದ ಜಾಗವನ್ನು ಯಾರಾದರೂ ನದಿ ಅಂತಾರಾ? ಸಣ್ಣ ಪ್ರವಾಹ ತಡೆದ ಡ್ಯಾಂ ದೊಡ್ಡ ಪ್ರವಾಹದ ದಾರಿಗೇ ಜನರನ್ನು ಕರೆತಂದಿತು.

2009ರ ಸೆಪ್ಟೆಂಬರ್ ಕೊನೆಯಲ್ಲಿ ಅದು ಗೊತ್ತಾಯಿತು. ಮಳೆಗಾಲ ಮುಗಿಯುವ ಹೊತ್ತು, ಡ್ಯಾಂಗಳಲ್ಲಿ ನೀರು ಉಳಿಸಿಕೊಳ್ಳುವ ಕಾಲ, ಆಗ ಬಯಲುಸೀಮೆಯ ಮೇಲೆ ಬಿಡದೆ ಮಳೆ ಸುರಿಯಿತು. ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಮಣ್ಣಿನ ಮಾಳಿಗೆ ಮನೆಗಳು ನೀರು ಬಂದಾಗಲೇ ಬೀಳೋದಿಲ್ಲ. ಗೋಡೆ ಬುಡದಿಂದ ನೆನೆಯುತ್ತದೆ, ಮೇಲಿನ ಮಣ್ಣು ನೀರು ಕುಡಿದು ಭಾರ ಆಗುತ್ತದೆ, ಹೊಳೆ ಇಳಿಯಿತು ಅಂತ ಜನ ಒಳಗೆ ಹೋದ ಮೇಲೂ ಕುಸಿಯುತ್ತದೆ.

ಆಮೇಲೆ ಎತ್ತರದ ಜಾಗದಲ್ಲಿ ‘ಆಸರೆ’ ಅನ್ನೋ ಪುನರ್ವಸತಿ ಯೋಜನೆಯ ಮನೆ ಕಟ್ಟಿದರು. ಎಷ್ಟೋ ಕುಟುಂಬ ಅಲ್ಲಿಗೆ ಹೋಗಲಿಲ್ಲ, ಹೋದವರಲ್ಲೂ ಕೆಲವರು ವಾಪಸ್ ಬಂದರು. ಎತ್ತು, ಎಮ್ಮೆ ಕಟ್ಟೋಕೆ ಜಾಗ ಇಲ್ಲ, ಹೊಲ ದೂರ, ಕೆಲವರಿಗೆ ಹಕ್ಕುಪತ್ರವೂ ಬೇಗ ಸಿಗಲಿಲ್ಲ. ಹಾಗಾಗಿ ಹತ್ತು ವರ್ಷದ ನಂತರ ಹೊಳೆ ಬಂದಾಗ ಹಳೇ ಊರುಗಳಲ್ಲಿ ಇನ್ನೂ ಜನ ಇದ್ದರು.

ಪ್ರತಿ ಸಲ ಹೊಳೆ ಬಂದು ಹೋದ ಮೇಲೆ ಒತ್ತುವರಿ ತೆರವು ಮಾಡ್ತೇವೆ ಅನ್ನೋ ಮಾತು ಬರುತ್ತದೆ. ಮಾಡಲೇಬೇಕು. ಆದರೆ ಪಾತ್ರದಲ್ಲಿ ಬೆಳೆ ಇಟ್ಟವರೂ ಮನೆ ಕಳೆದುಕೊಂಡವರೂ ಎಷ್ಟೋ ಕಡೆ ಒಬ್ಬರೇ ಅಲ್ವಾ? ಮೊದಲು ನದಿಯ ಗಡಿಗೆ ಕಲ್ಲು ನೆಡಲಿ, ಎಷ್ಟು ಕ್ಯೂಸೆಕ್ ಬಿಟ್ಟರೆ ಯಾವ ಊರಿಗೆ ಎಲ್ಲಿವರೆಗೆ ನೀರು ಬರುತ್ತದೆ ಅಂತ ಪಂಚಾಯಿತಿ ಗೋಡೆ ಮೇಲೆ ಬರೆಯಲಿ, ಜಾಗ ಬಿಡೋ ರೈತರಿಗೆ ಬದಲಿ ದಾರಿ ಏನು ಅಂತ ತೀರ್ಮಾನ ಆಗಲಿ. ಜೆಸಿಬಿ ಬರೋದು ಅದಾದ ಮೇಲೆ.