ಸಂಜೆ ಏಳಕ್ಕೆ ನೀವು ಎಲ್ಲಿರುತ್ತೀರಿ?

ಕುಡಿತ ಬಿಡಲು ಚಿಕಿತ್ಸೆ ಪಡೆದವರು ಮನೆಗೆ ಹೊರಡುವಾಗ ನಾನು ತಪ್ಪದೇ ಕೇಳುವ ಪ್ರಶ್ನೆ: ‘ದಿನಾ ಯಾವ ಹೊತ್ತಿಗೆ ಕುಡಿಯಲು ಶುರು ಮಾಡ್ತಿದ್ರಿ?’ ಕೆಲಸ ಬಿಟ್ಟ ಮೇಲೆ, ಆರೂವರೆ ಏಳಕ್ಕೆ ಅನ್ನುವವರೇ ಜಾಸ್ತಿ. ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಒಟ್ಟಿಗೆ ಕೂತು ಮಾತಾಡುವ ಮೀಟಿಂಗುಗಳಿವೆ. ಹಾಗಿದ್ದರೆ ಅವರಿಗೆ ಬೇಕಾದ ಮೀಟಿಂಗ್ ಆ ಹೊತ್ತಿನದ್ದೇ. ಮನೆ ಪಕ್ಕದಲ್ಲಿ ಭಾನುವಾರ ಬೆಳಿಗ್ಗೆ ಮೀಟಿಂಗ್ ಇರಬಹುದು. ಆದರೂ ಎರಡು ಬಸ್ ಹತ್ತಿ ಹೋಗಬೇಕಾದ ಸಂಜೆಯ ಮೀಟಿಂಗಿಗೇ ನನ್ನ ಓಟು. ಗ್ಲಾಸು ಕೈಗೆ ಬರುತ್ತಿದ್ದ ಗಂಟೆಯಲ್ಲಿ ಆ ಮನುಷ್ಯ ಬೇರೆ ಕಡೆ, ಬೇರೆ ಜನರ ನಡುವೆ ಕೂತಿರಬೇಕು. ದಾರಿಯಲ್ಲಿ ಹಳೇ ಬಾರ್ ಸಿಗುತ್ತದೆಯೇ ಅಂತಲೂ ಕೇಳುತ್ತೇನೆ. ಸಿಗುವುದಾದರೆ ದಾರಿ ಬದಲಾಯಿಸಿ.

ಒಂದು ಎಚ್ಚರಿಕೆ ಮೊದಲೇ ಹೇಳಬೇಕು. ಬೆಳಿಗ್ಗೆ ಎದ್ದಾಗ ಕೈ ನಡುಗಿ, ಒಂದು ಗುಟುಕು ಹಾಕಿದ ಮೇಲೆ ನಡುಕ ನಿಲ್ಲುವವರು ತಾವಾಗಿಯೇ ಒಮ್ಮೆಲೇ ಬಿಟ್ಟು ನೇರ ಮೀಟಿಂಗಿಗೆ ಹೋಗಬಾರದು. ಬಿಟ್ಟ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಗೊಂದಲವಾಗಿ, ಇಲ್ಲದ್ದೆಲ್ಲ ಕಾಣಿಸತೊಡಗುತ್ತದೆ. ಇದು ಜೀವಕ್ಕೇ ಅಪಾಯ. ಮೊದಲು ಆಸ್ಪತ್ರೆ, ಆಮೇಲೆ ಮೀಟಿಂಗ್.

ಇಂಥ ಗುಂಪುಗಳಲ್ಲಿ ನಮ್ಮಲ್ಲಿ ಹೆಚ್ಚು ಸಿಗುವುದು ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ ಎಎ. 1935ರಲ್ಲಿ ಅಮೆರಿಕದ ಓಹಾಯೊದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರು ಮಾಡಿದ್ದು. ಅವರಲ್ಲೊಬ್ಬರು ಡಾಕ್ಟರ್. ಸೇರಲು ಬೇಕಾದದ್ದು ಕುಡಿತ ಬಿಡುವ ಆಸೆ ಮಾತ್ರ. ಫೀಸಿಲ್ಲ, ಕೊನೆಯಲ್ಲಿ ಡಬ್ಬಿ ಬಂದಾಗ ಇಷ್ಟವಿದ್ದರೆ ಹಾಕಬಹುದು. ಓಪನ್ ಮೀಟಿಂಗಿಗೆ ಮನೆಯವರೂ ಬರಬಹುದು, ಕ್ಲೋಸ್ಡ್ ಮೀಟಿಂಗ್ ಕುಡಿತದ ತೊಂದರೆ ಇರುವವರಿಗೆ ಮಾತ್ರ. ನಾಚಿಕೆಯಿಂದ ಬಾಯಿ ಬಿಡದವರಿಗೆ ಕ್ಲೋಸ್ಡ್ ಒಳ್ಳೆಯದು ಅನ್ನುವುದು ನನ್ನ ಅನುಭವ.

ಹೊತ್ತು ಆದ ಮೇಲೆ ಭಾಷೆ. ಆಫೀಸಿನಲ್ಲಿ ಚೆನ್ನಾಗಿ ಇಂಗ್ಲಿಷ್ ಮಾತಾಡುವವರು ಇಂಗ್ಲಿಷ್ ಮೀಟಿಂಗನ್ನೇ ಹುಡುಕುತ್ತಾರೆ. ಅಲ್ಲಿ ಅವರ ಶೇರಿಂಗ್, ಅಂದರೆ ತಮ್ಮ ಕಥೆ ಹೇಳಿಕೊಳ್ಳುವುದು, ನೀಟಾಗಿರುತ್ತದೆ, ಆದರೆ ಒಳಗಿನದ್ದು ಹೊರಗೆ ಬರುವುದಿಲ್ಲ. ಹೆಂಡತಿಯ ಸರ ಅಡವಿಟ್ಟದ್ದು, ಮಗಳ ಸ್ಕೂಲ್ ಫೀಸಿನ ದುಡ್ಡಲ್ಲಿ ಕುಡಿದದ್ದು, ಇವೆಲ್ಲ ಮನೆಯಲ್ಲಿ ಜಗಳವಾಡುವ ಭಾಷೆಯಲ್ಲೇ ಬರಬೇಕು. ಬೆಂಗಳೂರಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಎಎ ಗುಂಪುಗಳಿವೆ. ಕೇಳಿ ತಿಳಿದುಕೊಂಡೇ ಹೋಗಿ.

‘ಡಾಕ್ಟ್ರೇ, ಅದು ಚರ್ಚಲ್ಲಿ ನಡೆಯುತ್ತಂತಲ್ಲ?’ ಅಂತ ಎಷ್ಟೋ ಜನ ಹಿಂಜರಿಯುತ್ತಾರೆ. ಚರ್ಚಿನದೋ ಶಾಲೆಯದೋ ಕೋಣೆ ಸುಲಭವಾಗಿ ಸಿಗುತ್ತದೆ, ಅಷ್ಟೆ. ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ. ಕುಡಿತದಿಂದ ಹೊರಬರಲು ಎಎ ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುವುದು ನಿಜ, ಆದರೆ ನಾವು ಅರಿತುಕೊಂಡ ರೀತಿಯ ದೇವರು ಅಂತ ಬಿಡಿಸಿಯೇ ಹೇಳಿದೆ. ಅದೂ ಒಗ್ಗದಿದ್ದರೆ ಬಲವಂತ ಬೇಡ. ಆಸ್ಪತ್ರೆಗಳ ವ್ಯಸನ ಚಿಕಿತ್ಸಾ ವಿಭಾಗದಲ್ಲಿ ಗುಂಪು ಸಭೆ ಇದೆಯಾ ಅಂತ ವಿಚಾರಿಸಿ.

ಹಳ್ಳಿಗಳಲ್ಲಿ ಬೇರೆ ದಾರಿ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಡೆಸುವ ಮದ್ಯವರ್ಜನ ಶಿಬಿರ ನಿಮಗೆ ಗೊತ್ತಿರಬಹುದು. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಸೇರುವ ನವಜೀವನ ಸಮಿತಿಗಳಿವೆ. ಶಿಬಿರದ ಹುರುಪಿನಲ್ಲಿ ಬಿಟ್ಟವರು ಊರ ಜಾತ್ರೆಗೋ ಮದುವೆಗೋ ಮತ್ತೆ ಹಿಡಿಯುವುದನ್ನು ನೋಡಿದ್ದೇನೆ. ಶಿಬಿರಕ್ಕೆ ಹೋಗಿಬಂದವರಿಗೆ ನನ್ನ ಮಾತು ಇಷ್ಟೇ: ಸಮಿತಿಯ ಸಭೆ ತಪ್ಪಿಸಬೇಡಿ.

ಹೆಣ್ಣುಮಕ್ಕಳ ಕಷ್ಟ ಇನ್ನೂ ದೊಡ್ಡದು. ಇಪ್ಪತ್ತು ಗಂಡಸರ ನಡುವೆ ಕೂತು ಮಾತಾಡಿ ಅನ್ನುವುದು ನ್ಯಾಯವಲ್ಲ. ಮಹಿಳೆಯರದ್ದೇ ಆದ ಆನ್‌ಲೈನ್ ಮೀಟಿಂಗ್ ಅವರಿಗೆ ಎಷ್ಟೋ ಮೇಲು. ಕುಡಿಯುವವರ ಮನೆಯವರಿಗೆ ಆಲ್-ಅನಾನ್ ಅಂತ ಬೇರೆಯೇ ಇದೆ. 1951ರಲ್ಲಿ ಅದನ್ನು ಕಟ್ಟಿದವರಲ್ಲಿ ಎಎ ಸ್ಥಾಪಕರೊಬ್ಬರ ಹೆಂಡತಿಯೂ ಇದ್ದರು. ಗಂಡ ಬಿಡಲಿ ಅಂತ ಕಾಯಬೇಕಿಲ್ಲ ಅಮ್ಮಾ, ನೀವು ಇವತ್ತೇ ಹೋಗಬಹುದು.

ಎಎಯಿಂದ ಉಪಯೋಗ ಆಗುತ್ತಾ? 2020ರಲ್ಲಿ, ಚಿಕಿತ್ಸೆಗಳ ಬಗೆಗಿನ ಸಂಶೋಧನೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಎಎಗೆ ಕ್ರಮಬದ್ಧವಾಗಿ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ ಪೂರ್ತಿ ಬಿಟ್ಟವರು ಬೇರೆ ಚಿಕಿತ್ಸೆಗಳಿಗಿಂತ ಹೆಚ್ಚಿದ್ದರು. ಆದರೆ ಒಂದೇ ದಿನ ಹೋಗಿ ‘ನನಗಿದು ಸರಿಹೋಗಲ್ಲ’ ಅಂದರೆ ಏನೂ ಆಗದು. ಗುಂಪಿನಿಂದ ಗುಂಪಿಗೆ ಜನ ಬೇರೆ, ಮಾತಿನ ರೀತಿ ಬೇರೆ. ಮೂರ್ನಾಲ್ಕು ಕಡೆ ಕೂತು ನೋಡಿ, ನಿಮ್ಮಂಥದ್ದೇ ಕಥೆ ಯಾರ ಬಾಯಿಂದ ಬಂತೋ ಅಲ್ಲಿ ನಿಲ್ಲಿ. ದುಡ್ಡು ಕೇಳಿದರೆ, ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಿ ಅಂದರೆ, ಅಲ್ಲಿಂದ ಎದ್ದು ಬನ್ನಿ. ಸದಸ್ಯರು ಡಾಕ್ಟರ್ ಕೆಲಸ ಮಾಡಬಾರದು ಅಂತ ಎಎ ಕೂಡ ಹೇಳುತ್ತದೆ.

ಎಲ್ಲಿ ಶುರು ಮಾಡಬೇಕೋ ತಿಳಿಯದಿದ್ದರೆ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ. ಮೊದಲ ದಿನ ಸ್ವಲ್ಪ ಮುಂಚೆ ಹೋಗಿ, ಬಾಗಿಲ ಹತ್ತಿರ ನಿಂತವರಿಗೆ ‘ನಾನು ಹೊಸಬ’ ಅನ್ನಿ, ಸಾಕು. ಮಾತಾಡಲೇಬೇಕು ಅಂತಿಲ್ಲ, ಸುಮ್ನೆ ಕೇಳಿ. ಮುಗಿದ ಕೂಡಲೇ ಓಡಿ ಬರಬೇಡಿ. ಬಿಟ್ಟು ಒಂದೆರಡು ವರ್ಷವಾದ ಇಬ್ಬರ ನಂಬರ್ ತಗೊಳ್ಳಿ, ಅಲ್ಲಿಂದಲೇ ಒಂದು ಮಿಸ್ಡ್ ಕಾಲ್ ಕೊಡಿ. ಕುಡಿಯಬೇಕು ಅನ್ನಿಸಿದಾಗ ಅವರಿಗೆ ಮಾಡಿ, ಕುಡಿದ ಮೇಲೆ ಅಲ್ಲ. ಕುಡಿದೇಬಿಟ್ಟರೂ ಮಾರನೇ ಸಂಜೆ ಅದೇ ಕೋಣೆಗೆ ಹೋಗಿ ಕೂರಿ.