ಐದು ನಿಮಿಷದ ತಂತಿ

ಎರಡನೇ ಮಹಾಯುದ್ಧ ಕಾಲದ ಅಮೆರಿಕದ ಪಿ-51 ಮಸ್ಟಾಂಗ್ ಯುದ್ಧವಿಮಾನದಲ್ಲಿ ಥ್ರಾಟಲ್ ಹಿಡಿಯನ್ನು ಮುಂದಕ್ಕೆ ತಳ್ಳುತ್ತಾ ಹೋದರೆ, ಇನ್ನೇನು ಕೊನೆ ಮುಟ್ಟಬೇಕು ಅನ್ನುವಲ್ಲಿ ಒಂದು ತೆಳು ತಂತಿ ಅಡ್ಡ ಬರುತ್ತಿತ್ತು. ಜೋರಾಗಿ ತಳ್ಳಿದರೆ ಪಟ್ ಅಂತ ತುಂಡಾಗುವ ತಂತಿ. ಅದರ ಈಚೆ 61 ಇಂಚು, ಆಚೆ 67 ಇಂಚು. ಆಚೆ ಹೋದವನಿಗೆ ಐದು ನಿಮಿಷ ಅಷ್ಟೇ. ವಿಮಾನ ಇಳಿದಾಗ ತಂತಿ ತುಂಡಾಗಿದ್ದರೆ ಮೆಕ್ಯಾನಿಕ್‌ಗೆ ಕೆಲಸ ಜಾಸ್ತಿ. ಎಂಜಿನ್ ತಪಾಸಣೆ ಮಾಡಬೇಕು, ಆಯಿಲ್‌ನಲ್ಲಿ ಲೋಹದ ಚೂರು ಬಂದಿದೆಯಾ ನೋಡಬೇಕು.

ಇಂಚು ಅಂದರೆ ಇಲ್ಲಿ ಪಾದರಸದ ಇಂಚು, ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡದ ಅಳತೆ. ಸಮುದ್ರ ಮಟ್ಟದ ಗಾಳಿಯ ಒತ್ತಡ ಸುಮಾರು 30 ಇಂಚು. ಸೂಪರ್‌ಚಾರ್ಜರ್ ಗಾಳಿಯನ್ನು ಒತ್ತಿ ಅದರ ಎರಡು ಪಟ್ಟಿಗೂ ಹೆಚ್ಚು ಒತ್ತಡದಲ್ಲಿ ಎಂಜಿನ್‌ಗೆ ತುಂಬುತ್ತಿತ್ತು. ಇದೇ ಲೆಕ್ಕವನ್ನು ಬ್ರಿಟಿಷರು ಪೌಂಡಿನಲ್ಲಿ ಬರೆದರು, ಅದೂ ಸಮುದ್ರ ಮಟ್ಟದ ಒತ್ತಡಕ್ಕಿಂತ ಚದರ ಇಂಚಿಗೆ ಎಷ್ಟು ಪೌಂಡ್ ಹೆಚ್ಚು ಅಂತ. ಜರ್ಮನ್ನರು 'ಅಟಾ'ದಲ್ಲಿ, ಒಂದು ಅಟಾ ಅಂದರೆ ಹೆಚ್ಚುಕಮ್ಮಿ ಸಮುದ್ರ ಮಟ್ಟದ ಗಾಳಿಯ ಒತ್ತಡ. ಅಮೆರಿಕದ 67 ಇಂಚೂ ಬ್ರಿಟನ್ನಿನ 18 ಪೌಂಡೂ ಒಂದೇ. ಯಾವ ವಿಮಾನ ಜೋರು ಅಂತ ಹಳೆ ವರದಿಗಳನ್ನು ಹೋಲಿಸುವವರು ಎಡವುವುದೇ ಇಲ್ಲಿ.

ಒತ್ತಡ ಏರಿಸುತ್ತಾ ಹೋದರೆ ಏನಾಗುತ್ತೆ? ಲೋಡ್ ತುಂಬಿದ ಹಳೆ ಕಾರನ್ನು ಘಾಟಿಯಲ್ಲಿ ಟಾಪ್ ಗೇರ್‌ನಲ್ಲೇ ಹತ್ತಿಸಿದರೆ ಎಂಜಿನ್ ಟಕಟಕ ಬಡಿದುಕೊಳ್ಳುತ್ತದಲ್ವಾ, ಅದೇ. ಪೆಟ್ರೋಲ್ ಹದವಾಗಿ ಉರಿಯುವ ಬದಲು ಒಮ್ಮೆಗೇ ಸಿಡಿಯುತ್ತದೆ. ಕಾರಾದರೆ ಸದ್ದು ಕೇಳಿ ಗೇರ್ ಇಳಿಸಬಹುದು. ವಿಮಾನದಲ್ಲಿ ಆ ಸದ್ದು ಕಿವಿಗೆ ಬೀಳುವ ಹೊತ್ತಿಲ್ಲ, ಪಿಸ್ಟನ್ನೇ ತೂತು.

ಹಾಗಾಗಿ ಮಿತಿಯನ್ನು ಸರಿಸಿದ್ದು ಮೊದಲು ಪೆಟ್ರೋಲ್. ಆಕ್ಟೇನ್ ಅಂಕ ಹೆಚ್ಚಿದ್ದಷ್ಟೂ ಪೆಟ್ರೋಲ್ ಸಿಡಿಯದೆ ಒತ್ತಡ ತಡೆಯುತ್ತದೆ. ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ ಮೆರ್ಲಿನ್ ಎಂಜಿನ್‌ಗೆ 87 ಆಕ್ಟೇನ್‌ನಲ್ಲಿ ಆರೂಕಾಲು ಪೌಂಡ್ ಮಿತಿ ಇತ್ತು. 1940ರಲ್ಲಿ 100 ಆಕ್ಟೇನ್ ಬಂದ ಮೇಲೆ ಅದೇ ಎಂಜಿನ್‌ಗೆ ಐದು ನಿಮಿಷದ ಮಟ್ಟಿಗೆ 12 ಪೌಂಡ್ ಕೊಟ್ಟರು. 1,030ರ ಆಸುಪಾಸಿನಲ್ಲಿದ್ದ ಅಶ್ವಶಕ್ತಿ 9,000 ಅಡಿ ಎತ್ತರದಲ್ಲಿ 1,310ಕ್ಕೆ ಏರಿತು. ಬಳಸಿದವರು ಅದನ್ನು ವರದಿ ಮಾಡಬೇಕಿತ್ತು. ಆದರೂ ಪೈಲಟ್‌ಗಳು ಸುಮ್‌ಸುಮ್ನೆ ಬಳಸುತ್ತಿದ್ದಾರೆ ಅಂತ ಬ್ರಿಟಿಷ್ ವಾಯುಪಡೆಯ ಫೈಟರ್ ಕಮಾಂಡ್‌ನ ಮುಖ್ಯಸ್ಥ ಡೌಡಿಂಗ್ 1940ರ ಆಗಸ್ಟ್‌ನಲ್ಲಿ ಎಚ್ಚರಿಕೆ ಬರೆದರು. ನನ್ನ ಮನಸ್ಸು ಪೈಲಟ್‌ಗಳ ಕಡೆಗೇ. ಬೆನ್ನ ಹಿಂದೆ ಜರ್ಮನ್ನರ ಮೆಸರ್‌ಶ್ಮಿಟ್ ಯುದ್ಧವಿಮಾನ ಇರುವಾಗ ಗಡಿಯಾರ ಯಾರು ನೋಡ್ತಾರೆ? ಆರನೇ ನಿಮಿಷಕ್ಕೆ ಎಂಜಿನ್ ಸಿಡಿಯುತ್ತದೆ ಅಂತೇನೂ ಇರಲಿಲ್ಲ. ಎಂಜಿನ್ ಎಷ್ಟು ದಿನ ಬಾಳಬೇಕು ಅನ್ನುವ ಲೆಕ್ಕದಲ್ಲಿ ಹಾಕಿದ ಗೆರೆ ಅದು. 1944ರಲ್ಲಿ 150 ಗ್ರೇಡ್ ಪೆಟ್ರೋಲ್ ಬಂದಾಗ ಮುಂದಿನ ಮಾದರಿಯಾದ ಮೆರ್ಲಿನ್ 66ಕ್ಕೆ 25 ಪೌಂಡ್ ಕೂಡ ದಕ್ಕಿತು.

ಜರ್ಮನ್ನರ ಪಾಡು ಉಲ್ಟಾ. ಮೆಸರ್‌ಶ್ಮಿಟ್‌ಗೆ ಬಂದ ಹೊಸ ಡಿಬಿ 605 ಎಂಜಿನ್‌ನ ಗರಿಷ್ಠ ಮಿತಿ ಕಾಗದದ ಮೇಲೆ 1.42 ಅಟಾ. ಆದರೆ ಪಿಸ್ಟನ್ ಸುಡತೊಡಗಿ, ಬೇರಿಂಗ್ ಕೈಕೊಟ್ಟು, ಅದನ್ನು ಬಳಸಬೇಡಿ ಅಂದರು. 1943ರ ಕೊನೆಯ ತಿಂಗಳುಗಳವರೆಗೂ 1.30ರಲ್ಲೇ ಹಾರಾಟ. ಆಮೇಲೆ ಅವರು ಹಿಡಿದ ದಾರಿ ನೀರು. ಅರ್ಧ ನೀರು, ಅರ್ಧ ಮೆಥನಾಲ್ ಎಂಜಿನ್‌ಗೆ ಚಿಮ್ಮಿಸಿ ಒಳಗಿನ ಕಾವು ಇಳಿಸಿ, 1.7 ಅಟಾ ಮುಟ್ಟಿದರು. ಅಮೆರಿಕದ ಪಿ-47 ಕೂಡ ನೀರು ಕುಡಿಯುತ್ತಿತ್ತು.

ಬಾಂಬರ್‌ಗಳಿಗೆ ಕಷ್ಟ ಟೇಕಾಫ್‌ನಲ್ಲೇ. ಖರಗ್‌ಪುರದಿಂದ ಹಾರಿದ ಅಮೆರಿಕದ ಬಿ-29 ಬಾಂಬರ್‌ಗಳಿಗೆ ಬಂಗಾಳದ ಬೇಸಿಗೆಯೇ ಒಂದು ಶತ್ರು. 2,200 ಅಶ್ವಶಕ್ತಿಯ ನಾಲ್ಕು ಎಂಜಿನ್‌ಗಳು ನೆಲ ಬಿಡುವ ಮೊದಲೇ ಕಾದಿರುತ್ತಿದ್ದವು. ತಣ್ಣಗಾಗಲಿ ಅಂತ ಎಂಜಿನ್ ಸುತ್ತಲ ಗಾಳಿಬಾಗಿಲುಗಳನ್ನು ತೆರೆದಿಟ್ಟರೆ ಗಾಳಿ ಹಿಡಿದು ವಿಮಾನ ಏಳುವುದಿಲ್ಲ. ಮುಚ್ಚಿದರೆ ಬೆಂಕಿಯ ಭಯ.

ತಂತಿ ಮುರಿಯುವ ಕಥೆಗಳೇ ಜಾಸ್ತಿ ಸಿಗುತ್ತವೆ. ನನಗೆ ಇಷ್ಟವಾದದ್ದು ಥ್ರಾಟಲ್ ಹಿಂದಕ್ಕೆ ಎಳೆದವನ ಕಥೆ. 1944ರಲ್ಲಿ ಒಬ್ಬನೇ ವಿಮಾನದಲ್ಲಿ ಅಟ್ಲಾಂಟಿಕ್ ದಾಟಿದ್ದ ವೀರ ಚಾರ್ಲ್ಸ್ ಲಿಂಡ್‌ಬರ್ಗ್ ಪೆಸಿಫಿಕ್‌ನ ನ್ಯೂಗಿನಿ ದ್ವೀಪಕ್ಕೆ ಬಂದಿದ್ದ, ಸೈನಿಕನಾಗಿ ಅಲ್ಲ, ಕಂಪನಿಯೊಂದರ ತಾಂತ್ರಿಕ ಪ್ರತಿನಿಧಿಯಾಗಿ. ಅಮೆರಿಕದ ಪಿ-38 ಯುದ್ಧವಿಮಾನ ಹಾರಿಸಿ ಬಂದರೆ ಅವನ ಟ್ಯಾಂಕ್‌ನಲ್ಲಿ ಮಾತ್ರ ಬೇರೆಯವರಿಗಿಂತ ಪೆಟ್ರೋಲ್ ಜಾಸ್ತಿ ಉಳಿದಿರುತ್ತಿತ್ತು. ಗುಟ್ಟು ಏನೆಂದರೆ, ಎಂಜಿನ್ ವೇಗವನ್ನು ನಿಮಿಷಕ್ಕೆ 1,600 ಸುತ್ತಿಗೆ ಇಳಿಸು, ಒತ್ತಡ ಮಾತ್ರ ಹೆಚ್ಚಿಡು, ಪೆಟ್ರೋಲ್ ಮಿಶ್ರಣ ತೆಳುವಾಗಿರಲಿ. ಎಂಜಿನ್ ಹಾಳಾಗುತ್ತೆ ಅಂತ ಪೈಲಟ್‌ಗಳು ಗೊಣಗಿದರು. ಹಾಗೇನೂ ಆಗಲಿಲ್ಲ. ಪಿ-38ಗಳು ಮೊದಲಿಗಿಂತ ನೂರಾರು ಮೈಲಿ ಹೆಚ್ಚು ಹಾರತೊಡಗಿದವು.