ಆತ್ಮವಿಮರ್ಶೆ: ಕಟುವಾದದ್ದೆಲ್ಲ ನಿಜವಲ್ಲ

ತನ್ನನ್ನು ತಾನು ಕಟುವಾಗಿ ಟೀಕಿಸಿಕೊಳ್ಳುವವರು ಪ್ರಾಮಾಣಿಕರು ಎಂಬ ನಂಬಿಕೆ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಆ ಟೀಕೆಯಲ್ಲಿ ಹುರುಳಿದೆಯೇ ಎಂದು ಪರೀಕ್ಷಿಸುವ ಗೋಜಿಗೇ ನಾವು ಹೋಗುವುದಿಲ್ಲ. ಈ ವಿಷಯವನ್ನು ಓದುವವರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದೇ ಎಂದು ನನಗನ್ನಿಸುತ್ತದೆ. ಒಂದು ತೀರ್ಪು ಎಷ್ಟು ನೋಯಿಸುತ್ತದೆ ಎಂಬುದಕ್ಕೂ ಅದು ಎಷ್ಟು ಸರಿಯಾಗಿದೆ ಎಂಬುದಕ್ಕೂ ನೇರ ಸಂಬಂಧವಿಲ್ಲ.

‘ನಾನು ಆ ದಿನ ಸುಳ್ಳು ಹೇಳಿದೆ’ ಎನ್ನುವುದು ಒಂದು ಕೃತ್ಯದ ಕುರಿತ ಮಾತು; ‘ನಾನೊಬ್ಬ ಸುಳ್ಳುಗಾರ’ ಎನ್ನುವುದು ಇಡೀ ವ್ಯಕ್ತಿತ್ವದ ಮೇಲಿನ ತೀರ್ಪು. ಮನಶ್ಶಾಸ್ತ್ರಜ್ಞೆ ರಾನಿ ಜಾನಾಫ್-ಬುಲ್ಮನ್ 1979ರಲ್ಲಿ ಈ ಎರಡನ್ನೂ ಪ್ರತ್ಯೇಕಿಸಿ, ಮೊದಲನೆಯದನ್ನು ವರ್ತನೆಯ ಮೇಲಿನ ಆತ್ಮದೂಷಣೆ ಎಂದೂ ಎರಡನೆಯದನ್ನು ಸ್ವಭಾವದ ಮೇಲಿನ ಆತ್ಮದೂಷಣೆ ಎಂದೂ ಗುರುತಿಸಿದರು. ಅವರ ಅಧ್ಯಯನದಲ್ಲಿ ಖಿನ್ನತೆಯಿದ್ದ ವಿದ್ಯಾರ್ಥಿನಿಯರು ಉಳಿದವರಿಗಿಂತ ಹೆಚ್ಚಾಗಿ ತಮ್ಮ ಸ್ವಭಾವವನ್ನು ದೂಷಿಸಿಕೊಂಡರು. ವರ್ತನೆಯನ್ನು ದೂಷಿಸಿಕೊಳ್ಳುವುದರಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ: ಮಾಡಿದ್ದನ್ನು ಮುಂದಿನ ಸಲ ಬೇರೆ ರೀತಿಯಲ್ಲಿ ಮಾಡಬಹುದು, ಆದರೆ ‘ನಾನು ಇರುವುದೇ ಹೀಗೆ’ ಎಂದುಕೊಂಡವರಿಗೆ ತಿದ್ದಿಕೊಳ್ಳಲು ಯಾವ ಹಿಡಿಯೂ ಸಿಗುವುದಿಲ್ಲ. ಮನಶ್ಶಾಸ್ತ್ರಜ್ಞೆ ಹೆಲೆನ್ ಬ್ಲಾಕ್ ಲೂಯಿಸ್ 1971ರಲ್ಲಿಯೇ, ತನ್ನನ್ನೇ ಕೆಟ್ಟವನೆಂದು ಕಾಣುವ ಲಜ್ಜೆ ಮತ್ತು ಮಾಡಿದ ಕೃತ್ಯಕ್ಕಾಗಿ ಮರುಗುವ ಅಪರಾಧಪ್ರಜ್ಞೆಗಳ ನಡುವೆ ಇದೇ ಗೆರೆಯನ್ನು ಎಳೆದಿದ್ದರು. ಮುಂದೆ ಜೂನ್ ಟ್ಯಾಂಗ್ನಿ ಮತ್ತು ಸಹೋದ್ಯೋಗಿಗಳು ನಡೆಸಿದ ಸಂಶೋಧನೆಗಳಲ್ಲಿ, ಅಪರಾಧಪ್ರಜ್ಞೆಯು ಕ್ಷಮೆ ಕೇಳುವ, ಆದ ಹಾನಿಯನ್ನು ಸರಿಪಡಿಸುವ ಕಡೆಗೆ ಮನಸ್ಸನ್ನು ತಿರುಗಿಸಿದರೆ, ಲಜ್ಜೆಯು ಮರೆಯಾಗುವ ಅಥವಾ ಇತರರ ಮೇಲೆ ಸಿಟ್ಟಾಗುವ ಕಡೆಗೆ ಎಳೆಯುತ್ತದೆ ಎಂಬುದು ಮತ್ತೆ ಮತ್ತೆ ಕಂಡುಬಂತು. ಅತಿ ಕಟುವಾದ ಆತ್ಮನಿಂದನೆಯು ನೊಂದವರನ್ನು ಮರೆತು ನಿಂದಿಸಿಕೊಳ್ಳುವವನನ್ನೇ ಕೇಂದ್ರದಲ್ಲಿ ಕೂರಿಸುತ್ತದೆ ಎಂಬ ಈ ಅಂಶ ನೈತಿಕವಾಗಿಯೂ ಗಂಭೀರವಾದದ್ದು.

ಹಾಗಾದರೆ ಸ್ವಭಾವದ ಬಗ್ಗೆ ತೀರ್ಪು ಕೊಡಲೇಬಾರದೇ? ಕೊಡಬಹುದು, ಆದರೆ ಅದಕ್ಕೆ ಬೇಕಾಗುವ ಸಾಕ್ಷ್ಯ ಹೆಚ್ಚು. ಒಂದು ಸನ್ನಿವೇಶದಲ್ಲಿನ ನಡತೆಯಿಂದ ಮತ್ತೊಂದು ಸನ್ನಿವೇಶದ ನಡತೆಯನ್ನು ಊಹಿಸಲು ಹೊರಟಾಗ ಸಿಗುವ ಸಹಸಂಬಂಧ (ಸಂಬಂಧವೇ ಇಲ್ಲದಿದ್ದರೆ 0, ಪೂರ್ತಿ ಹೊಂದಿಕೆಯಾದರೆ 1 ಎನ್ನುವ ಅಳತೆ) ಸಾಮಾನ್ಯವಾಗಿ 0.30ರ ಆಸುಪಾಸನ್ನು ಮೀರುವುದಿಲ್ಲ ಎಂದು ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ 1968ರಲ್ಲಿ ತೋರಿಸಿದರು. ಹಲವು ಸಂದರ್ಭಗಳ ನಡತೆಯನ್ನು ಒಟ್ಟುಗೂಡಿಸಿ ನೋಡಿದರೆ ಸ್ಥಿರತೆ ಗಣನೀಯವಾಗಿ ಹೆಚ್ಚುತ್ತದೆ ಎಂಬುದು 1979ರಲ್ಲಿ ಸೀಮೋರ್ ಎಪ್‌ಸ್ಟೈನ್ ಕೊಟ್ಟ ಉತ್ತರ. ಇವೆರಡನ್ನೂ ಜೊತೆಯಲ್ಲಿಟ್ಟು ಓದಬೇಕು. ಒಂದು ಕೆಟ್ಟ ದಿನ ಗುಣವನ್ನು ಸಾಬೀತು ಮಾಡಲಾರದು. ಬೇರೆ ಬೇರೆ ಜನರೊಡನೆ, ಬೇರೆ ಬೇರೆ ಒತ್ತಡಗಳಲ್ಲಿ ವರ್ಷಗಟ್ಟಲೆ ಮರುಕಳಿಸಿದ ನಡತೆಯನ್ನು ‘ಅದು ಒಂದು ಸಲದ ತಪ್ಪು’ ಎಂದು ತಳ್ಳಿಹಾಕುವುದೂ ಸರಿಯಲ್ಲ.

ಇನ್ನೊಂದು ತೊಡಕು ಸಾಕ್ಷಿಯದ್ದೇ: ನಮ್ಮ ಬಗ್ಗೆ ಸಾಕ್ಷಿ ಹೇಳುವವರೂ ನಾವೇ. ಇತರರನ್ನು ಅವರು ಮಾಡಿದ್ದರಿಂದ ಅಳೆಯುವ ನಾವು ನಮ್ಮನ್ನು ನಮ್ಮ ಉದ್ದೇಶಗಳಿಂದ ಅಳೆದುಕೊಳ್ಳುತ್ತೇವೆ. ಎಮಿಲಿ ಪ್ರೋನಿನ್ ಮತ್ತು ಸಹೋದ್ಯೋಗಿಗಳು 2002ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಪೂರ್ವಗ್ರಹಗಳು ಇತರರಲ್ಲಿ ಕಾಣುವಷ್ಟು ಸ್ಪಷ್ಟವಾಗಿ ನಮ್ಮಲ್ಲಿ ನಮಗೆ ಕಾಣುವುದಿಲ್ಲ. ಒಳಗೆ ಹುಡುಕಿದಾಗ ದುರುದ್ದೇಶ ಸಿಗದಿದ್ದರೆ ದೋಷವೇ ಇಲ್ಲವೆಂದು ತೀರ್ಮಾನಿಸಿಬಿಡುತ್ತೇವೆ. ಸ್ವಭಾವತಃ ಆತ್ಮನಿಂದಕರಾದವರು ಇದಕ್ಕೆ ಹೊರತೆಂದು ತೋರಬಹುದಾದರೂ ಅವರು ಮಾಡುವುದೂ ಅದನ್ನೇ, ತಿರುಗುಮುರುಗಾಗಿ: ಮನಸ್ಸಿನಲ್ಲಿ ಕ್ಷಣಕಾಲ ಸುಳಿದ ಅಸೂಯೆಯನ್ನೇ ಸಾಕ್ಷ್ಯವಾಗಿ ಹಿಡಿದು, ಅದನ್ನು ಮೀರಿ ತಾವು ತೋರಿದ ಸಜ್ಜನಿಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಿಮೀನ್ ವಜೀರೆ 2010ರಲ್ಲಿ ಕಂಡುಕೊಂಡ ಸಂಗತಿ ಇಲ್ಲಿ ಬಹಳ ಉಪಯುಕ್ತ. ಆತಂಕದಂಥ ಒಳಗಿನ ಗುಣಗಳನ್ನು ಬಲ್ಲವರು ನಾವೇ. ಬುದ್ಧಿಶಕ್ತಿ, ಸೃಜನಶೀಲತೆಗಳಂಥ, ಅಭಿಮಾನದ ಪ್ರಶ್ನೆ ಅಂಟಿಕೊಂಡ ಗುಣಗಳನ್ನು ಆಪ್ತ ಸ್ನೇಹಿತರು ನಮಗಿಂತ ಚೆನ್ನಾಗಿ ಅಳೆಯಬಲ್ಲರು.

ತನ್ನ ಮೇಲೆ ಕರುಣೆ ತೋರಿದರೆ ಶಿಸ್ತು ಸಡಿಲವಾಗುತ್ತದೆ ಎಂಬುದು ಎಲ್ಲರೂ ಎತ್ತುವ ಆಕ್ಷೇಪ. ಜುಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲೊಂದರಲ್ಲಿ, ಕಠಿಣ ಪರೀಕ್ಷೆಯಲ್ಲಿ ಎಡವಿದ ಬಳಿಕ ತಮ್ಮೊಡನೆ ಕರುಣೆಯಿಂದ ವರ್ತಿಸುವಂತೆ ಪ್ರೇರಣೆ ಪಡೆದವರು ಮುಂದಿನ ಪರೀಕ್ಷೆಗೆ ಇತರರಿಗಿಂತ ಹೆಚ್ಚು ಹೊತ್ತು ಓದಿದರು. ತಪ್ಪನ್ನು ನೋಡಿದರೆ ತನ್ನ ಇಡೀ ಬೆಲೆಯೇ ಕುಸಿಯುತ್ತದೆಂಬ ಭಯ ಇಲ್ಲದಿದ್ದಾಗ ತಪ್ಪನ್ನು ಪೂರ್ತಿಯಾಗಿ ನೋಡಲು ಸಾಧ್ಯವಾಗುತ್ತದೆ ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ. ಕರುಣೆಯೆಂದರೆ ಇಲ್ಲಿ ತಪ್ಪನ್ನು ಚಿಕ್ಕದು ಮಾಡುವುದಲ್ಲ. ಸುಳ್ಳು ಹೇಳಿದ್ದು ಸುಳ್ಳೇ, ಅದರಿಂದ ಯಾರಿಗೋ ನೋವಾದದ್ದೂ ನಿಜವೇ. ಅವರ ಬಳಿಗೆ ಹೋಗಿ ಏನು ಹೇಳಬೇಕು ಎಂಬ ಪ್ರಶ್ನೆಗೆ ‘ನಾನೊಬ್ಬ ಸುಳ್ಳುಗಾರ’ ಎಂಬ ವಾಕ್ಯದಲ್ಲಿ ಉತ್ತರವಿಲ್ಲ.